ಒಂದೇ ಹೆಸರು, ಮೂರು ಬಗೆಯ ಉಲ್ಲೇಖ: ಹ್ಯಾನ್ಸ್ ಐಸೆಂಕ್ ಅವರ ಪ್ರಕಟಣೆಗಳ ಪ್ರಕರಣ ಅಧ್ಯಯನ

1997ರ ಸೆಪ್ಟೆಂಬರ್ 4ರಂದು ಹ್ಯಾನ್ಸ್ ಐಸೆಂಕ್ ಲಂಡನ್ನಿನಲ್ಲಿ ತೀರಿಕೊಂಡರು. ಅಂದು ಬದುಕಿದ್ದ ಮನೋವಿಜ್ಞಾನಿಗಳ ಪೈಕಿ ಸಂಶೋಧನಾ ಜರ್ನಲ್‌ಗಳಲ್ಲಿ ಅತಿ ಹೆಚ್ಚು ಉಲ್ಲೇಖವಾಗುತ್ತಿದ್ದ ಹೆಸರು ಅವರದೇ ಆಗಿತ್ತು. ಸುಮಾರು 80 ಪುಸ್ತಕ, 1,600ಕ್ಕೂ ಮಿಕ್ಕಿದ ಲೇಖನ. ಇಪ್ಪತ್ತನೆಯ ಶತಮಾನದ ಪ್ರಮುಖ ಮನೋವಿಜ್ಞಾನಿಗಳನ್ನು ಸಾಲಾಗಿ ನಿಲ್ಲಿಸಿದ 2002ರ ಒಂದು ಅಧ್ಯಯನದಲ್ಲಿ, ಜರ್ನಲ್ ಉಲ್ಲೇಖಗಳ ಎಣಿಕೆಯಲ್ಲಿ ಫ್ರಾಯ್ಡ್ ಮತ್ತು ಪಿಯಾಜೆ ಅವರ ನಂತರ ಮೂರನೆಯ ಸ್ಥಾನ ಐಸೆಂಕ್ ಅವರದು. ಎಲ್ಲ ಮಾನದಂಡ ಸೇರಿಸಿದ ಒಟ್ಟು ಪಟ್ಟಿಯಲ್ಲಿ 13ನೆಯದು. 2020ರಲ್ಲಿ ಇದೇ ವ್ಯಕ್ತಿಯ 14 ಲೇಖನಗಳನ್ನು ಜರ್ನಲ್‌ಗಳು ಹಿಂಪಡೆದವು, ಅಂದರೆ ಇವನ್ನು ನೆಚ್ಚಬಾರದೆಂದು ಅಧಿಕೃತವಾಗಿ ಸಾರಿದವು. 60ಕ್ಕೂ ಹೆಚ್ಚು ಲೇಖನಗಳ ಮೇಲೆ 'ಇದನ್ನು ನಂಬುವ ಮುನ್ನ ಯೋಚಿಸಿ' ಎಂಬ ಅರ್ಥದ ಕಳವಳದ ಸೂಚನೆ ಬಿತ್ತು.

ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಒಬ್ಬ ಸಂಶೋಧಕರ ಪ್ರಭಾವವನ್ನು ಅಳೆಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಉಲ್ಲೇಖದ ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದು ಇಲ್ಲಿ ಎಳೆಎಳೆಯಾಗಿ ಬಿಡಿಸಿ ನೋಡಲು ಸಿಗುತ್ತದೆ. ಒಂದು ಲೇಖನವನ್ನು ಎಷ್ಟು ಸಲ ಎತ್ತಿ ಹೇಳಿದರು ಎಂಬುದನ್ನು ಯಂತ್ರ ಎಣಿಸಿ ಕೊಡುತ್ತದೆ. ಯಾಕೆ ಎತ್ತಿ ಹೇಳಿದರು ಎಂಬುದನ್ನು ಮನುಷ್ಯರೇ ಕೂತು ಓದಬೇಕು. ಐಸೆಂಕ್ ಅವರ ವಿಷಯದಲ್ಲಿ ಈ 'ಯಾಕೆ'ಗೆ ಕನಿಷ್ಠ ಮೂರು ಬೇರೆ ಬೇರೆ ಉತ್ತರಗಳಿವೆ.

ಮೊದಲ ತೊಡಕು: ಯಾವ ಐಸೆಂಕ್?

ಡೇಟಾಬೇಸಿನಲ್ಲಿ ಬರೀ 'ಐಸೆಂಕ್' ಎಂದು ಹುಡುಕಿದರೆ ಒಬ್ಬರಲ್ಲ, ಮೂವರು ಸಿಗುತ್ತಾರೆ. ಎಚ್. ಜೆ. ಎಂದರೆ ಹ್ಯಾನ್ಸ್. ಎಸ್. ಬಿ. ಜಿ. ಎಂದರೆ ಅವರ ಪತ್ನಿ ಸಿಬಿಲ್, ಪ್ರಶ್ನಾವಳಿಗಳ ಮೇಲಿನ ಕೆಲಸದಲ್ಲಿ ದಶಕಗಳ ಸಹಲೇಖಕಿ. ಎಂ. ಡಬ್ಲ್ಯೂ. ಎಂದರೆ ಮಗ ಮೈಕೆಲ್, ಸ್ವತಃ ಹೆಸರಾಂತ ಮನೋವಿಜ್ಞಾನಿ. ಮೂವರದೂ ಒಂದೇ ವಿಷಯ, ಒಂದೇ ದೇಶ. ಹಾಗಾಗಿ ವಿಷಯವನ್ನೋ ಸಂಸ್ಥೆಯ ದೇಶವನ್ನೋ ಇಟ್ಟು ಜರಡಿ ಹಿಡಿದರೆ ಇಲ್ಲಿ ಕೆಲಸ ಆಗುವುದಿಲ್ಲ.

ಎಲ್ಲಿ ಎಡವುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ. ಆತಂಕ ಮತ್ತು ಗಮನದ ನಿಯಂತ್ರಣದ ಸಂಬಂಧ ಕುರಿತ 2007ರ ಲೇಖನವೊಂದಿದೆ. ಆತಂಕದ ಸಂಶೋಧನೆಯಲ್ಲಿ ಬಹಳ ಉಲ್ಲೇಖವಾಗುವ ಅದರ ಮೊದಲ ಲೇಖಕ ಮೈಕೆಲ್. ಹೆಸರು ಕಲಸಿಹೋದ ಪಟ್ಟಿಯಲ್ಲಿ ಅದು ತಂದೆಯ ಖಾತೆಗೆ ಜಮೆಯಾಗುತ್ತದೆ, ತಂದೆ ತೀರಿಕೊಂಡು ಹತ್ತು ವರ್ಷದ ಮೇಲೆ! ಇಂಥದ್ದನ್ನು ಇಸವಿ ನೋಡಿ ಹಿಡಿಯಬಹುದು. ಆದರೆ 1985ರಲ್ಲಿ ತಂದೆ-ಮಗ ಸೇರಿ ವ್ಯಕ್ತಿತ್ವದ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಆದ್ದರಿಂದ 'ಎಂ. ಡಬ್ಲ್ಯೂ. ಎಂದಿದ್ದರೆ ತೆಗೆದುಹಾಕು' ಎಂಬ ನಿಯಮವೂ ಸುಳ್ಳು ಲೆಕ್ಕವನ್ನೇ ಕೊಡುತ್ತದೆ. ಲೇಖಕರಿಗೆ ಖಾಯಂ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ ವ್ಯವಸ್ಥೆ ಶುರುವಾದದ್ದೇ 2012ರಲ್ಲಿ. ಅದಕ್ಕೆ ಮುಂಚೆ ತೀರಿಕೊಂಡವರಿಗೆ ಅದು ಉಪಯೋಗಕ್ಕಿಲ್ಲ.

ನಂಬಬಹುದಾದ ದಾರಿ ಒಂದೇ, ಅದು ನಿಧಾನದ್ದು. ಡೇಟಾಬೇಸ್ ಕೊಟ್ಟ ಪ್ರೊಫೈಲನ್ನು ಪಕ್ಕಕ್ಕಿಟ್ಟು, ವ್ಯಕ್ತಿಯ ಪ್ರಕಟಿತ ಗ್ರಂಥಸೂಚಿಯಿಂದ ಶುರುಮಾಡಬೇಕು. ಸ್ಪ್ರೆಡ್‌ಶೀಟಿನಲ್ಲಿ ಒಂದು ಕೃತಿಗೆ ಒಂದು ಸಾಲು: ಲೇಖಕರು ಮುದ್ರಣದಲ್ಲಿ ಇರುವ ಕ್ರಮದಲ್ಲೇ, ಇಸವಿ, ಜರ್ನಲ್ ಅಥವಾ ಪ್ರಕಾಶಕ, ಸಂಪುಟ, ಪುಟ, ಡಿಒಐ (ಲೇಖನದ ಖಾಯಂ ಡಿಜಿಟಲ್ ಗುರುತಿನ ಸಂಖ್ಯೆ) ಇದ್ದರೆ ಅದು, ಲೇಖನದ ಬಗೆ. ಬಗೆಯ ಕಾಲಂ ಬಿಡಬಾರದು. ಮೂಲ ಸಂಶೋಧನೆ, ವಿಮರ್ಶಾ ಲೇಖನ, ಪುಸ್ತಕದ ಅಧ್ಯಾಯ, ಜನಪ್ರಿಯ ಪುಸ್ತಕ, ಸಂಪಾದಕರಿಗೆ ಪತ್ರ ಎಲ್ಲವೂ '1,600' ಎಂಬ ಸಂಖ್ಯೆಯೊಳಗೆ ಒಟ್ಟಿಗೆ ಕೂತರೆ ಆ ಸಂಖ್ಯೆಗೆ ಅರ್ಥವಿಲ್ಲ. ಜನಾಂಗ ಮತ್ತು ಬುದ್ಧಿಮತ್ತೆಯ ಬಗ್ಗೆ ಐಸೆಂಕ್ ಬರೆದದ್ದು ದೊಡ್ಡ ವಿವಾದವೆಬ್ಬಿಸಿ ತನ್ನದೇ ಉಲ್ಲೇಖಗಳ ರಾಶಿ ತಂದಿತು. ನಮ್ಮ ಪ್ರಶ್ನೆ ಮಾನಸಿಕ ಆರೋಗ್ಯದ್ದಾದ್ದರಿಂದ ಅವುಗಳಿಗೆ ಗುರುತು ಹಾಕಿ ಹೊರಗಿಡಬೇಕು, ಹೊರಗಿಟ್ಟಿದ್ದೇವೆ ಎಂದು ಬರೆಯಲೂ ಬೇಕು.

ಎಲ್ಲಿ ಎಣಿಸಬೇಕು

ಮೂರು ಡೇಟಾಬೇಸ್ ಮೂರು ಉತ್ತರ ಕೊಡುತ್ತವೆ. ಯಾವುದೂ ತಪ್ಪಲ್ಲ, ಎಣಿಸುವ ವಸ್ತು ಬೇರೆ ಅಷ್ಟೆ. ವೆಬ್ ಆಫ್ ಸೈನ್ಸ್ ತಾನು ಆಯ್ದ ಜರ್ನಲ್‌ಗಳನ್ನು ಎಣಿಸುತ್ತದೆ. ಸ್ಕೋಪಸ್ ಇನ್ನಷ್ಟು ಅಗಲ, ಆದರೆ 1970ಕ್ಕಿಂತ ಹಿಂದಿನ ಲೇಖನಗಳ ಉಲ್ಲೇಖಪಟ್ಟಿಗಳು ಅದರಲ್ಲಿ ಬಹುಮಟ್ಟಿಗೆ ಇಲ್ಲ. 2004ರಲ್ಲಿ ಬಂದ ಗೂಗಲ್ ಸ್ಕಾಲರ್ ಪುಸ್ತಕ, ಪಿಎಚ್‌ಡಿ ಪ್ರಬಂಧ, ವರದಿ ಎಲ್ಲವನ್ನೂ ಬಾಚಿಕೊಳ್ಳುತ್ತದೆ, ಜೊತೆಗೆ ಒಂದೇ ಕೃತಿಯ ನಾಲ್ಕು ರೂಪಗಳನ್ನು ನಾಲ್ಕು ಕೃತಿಗಳೆಂದೂ ಎಣಿಸಬಲ್ಲದು.

ಐಸೆಂಕ್ ಅವರಂಥ ಪುಸ್ತಕ ಬರೆಯುವ ಲೇಖಕರಿಗೆ ವೆಬ್ ಆಫ್ ಸೈನ್ಸಿನ ಮಾಮೂಲಿ ಹುಡುಕಾಟ ಸಾಲದು. ಅದರಲ್ಲಿ 'ಉಲ್ಲೇಖಿತ ಕೃತಿಯ ಹುಡುಕಾಟ' ಎಂಬ ಪ್ರತ್ಯೇಕ ಸೌಲಭ್ಯವಿದೆ, ಅಲ್ಲಿಗೇ ಹೋಗಬೇಕು. ಡೇಟಾಬೇಸಿನಲ್ಲಿ ಪುಸ್ತಕವೇ ಇಲ್ಲದಿದ್ದರೂ, ಇತರರು ತಮ್ಮ ಲೇಖನದ ಕೊನೆಯಲ್ಲಿ ಅದನ್ನು ಹೆಸರಿಸಿದ್ದರೆ ಅದು ಅಲ್ಲಿ ಕಾಣಿಸುತ್ತದೆ. ಜೊತೆಗೆ ಮುದ್ರಣದ ತಪ್ಪುಗಳೂ ಕಾಣಿಸುತ್ತವೆ: ಹೆಸರಿನ ನಡುವಿನ ಒಂದು ಅಕ್ಷರ ಬಿಟ್ಟದ್ದು, ಇಸವಿ ಒಂದು ಹೆಚ್ಚುಕಮ್ಮಿ, ಸಂಪುಟದ ಜಾಗದಲ್ಲಿ ಪುಟ. ಹಳೆಯ, ಹೆಚ್ಚು ಉಲ್ಲೇಖವಾದ ಕೃತಿಗಳಿಗೆ ಇಂಥ ತಪ್ಪು ಸಾಲುಗಳು ಉದ್ದಕ್ಕೆ ಬೆಳೆದಿರುತ್ತವೆ, ಯಾಕೆಂದರೆ ಮೂಲ ನೋಡದೆ ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ನಕಲು ಮಾಡುತ್ತಾರೆ. ಒಂದೊಂದನ್ನೂ ಪರಿಶೀಲಿಸಿ ಸರಿಯಾದ ಸಾಲಿಗೆ ಸೇರಿಸಬೇಕು.

ಕ್ಷೇತ್ರ ಮತ್ತು ಇಸವಿಗೆ ಹೊಂದಿಸಿದ ಉಲ್ಲೇಖ ಸೂಚಿಗಳನ್ನು ಇಂದಿನ ಸಂಶೋಧಕರಿಗೆ ಬಳಸುವುದು ಒಳ್ಳೆಯದೇ. ಆದರೆ ಸ್ಕೋಪಸ್‌ನ ಅಂಥ ಸೂಚಿ 1996ರಿಂದ ಈಚಿನ ಪ್ರಕಟಣೆಗಳಿಗೆ ಮಾತ್ರ. ಐಸೆಂಕ್ ಅವರ ಬರವಣಿಗೆಯೆಲ್ಲ ಬಹುತೇಕ ಅದಕ್ಕೆ ಮುಂಚಿನದು. ಹುಡುಕಿದ ದಿನಾಂಕವನ್ನು ಪ್ರತಿ ಸಂಖ್ಯೆಯ ಪಕ್ಕ ಬರೆಯದಿದ್ದರೆ ಆರು ತಿಂಗಳ ನಂತರ ಆ ಸಂಖ್ಯೆಯನ್ನು ಯಾರೂ ತಾಳೆ ನೋಡಲಾರರು.

1952ರ ಆರು ಪುಟ

ಮಾನಸಿಕ ಆರೋಗ್ಯದಲ್ಲಿ ಐಸೆಂಕ್ ಹೆಸರನ್ನು ನೆಲೆಗೊಳಿಸಿದ್ದು ಮನೋಚಿಕಿತ್ಸೆಯ ಪರಿಣಾಮದ ಬಗ್ಗೆ 1952ರಲ್ಲಿ ಬಂದ ಒಂದು ಲೇಖನ. 319ರಿಂದ 324ರವರೆಗೆ, ಆರೇ ಪುಟ. 24 ಅಧ್ಯಯನಗಳಿಂದ 7,000ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಒಟ್ಟುಹಾಕಿ ಅವರು ಹೇಳಿದ್ದಿಷ್ಟು: ಫ್ರಾಯ್ಡ್ ಪದ್ಧತಿಯ ಮನೋವಿಶ್ಲೇಷಣೆ ಪಡೆದವರಲ್ಲಿ ಸುಧಾರಿಸಿದವರು 44 ಶೇಕಡಾ, ಹಲವು ಪದ್ಧತಿಗಳ ಮಿಶ್ರ ಚಿಕಿತ್ಸೆ ಪಡೆದವರಲ್ಲಿ 64, ಆಸ್ಪತ್ರೆಯ ಬರೀ ಆರೈಕೆ ಅಥವಾ ಸಾಮಾನ್ಯ ವೈದ್ಯರ ಉಪಚಾರ ಮಾತ್ರ ಪಡೆದವರಲ್ಲಿ 72. ಅಂದರೆ ನ್ಯೂರೋಸಿಸ್ (ಆತಂಕ, ಖಿನ್ನತೆಯಂಥ ತೊಂದರೆ) ಇರುವವರಲ್ಲಿ ಮೂರನೆಯ ಎರಡು ಭಾಗ ಜನ, ಮನೋಚಿಕಿತ್ಸೆ ಸಿಕ್ಕಲಿ ಬಿಡಲಿ, ಸುಮಾರು ಎರಡು ವರ್ಷದೊಳಗೆ ತಾವೇ ಸುಧಾರಿಸುತ್ತಾರೆ ಎಂಬ ವಾದ.

ಹೋಲಿಕೆಯ ಗುಂಪುಗಳು ಸಮವಾಗಿರಲಿಲ್ಲ. ಯಾರು ಯಾವ ಚಿಕಿತ್ಸೆಗೆ ಹೋಗಬೇಕೆಂದು ಚೀಟಿ ಎತ್ತಿ ನಿರ್ಧರಿಸಿದ್ದಲ್ಲ. 'ಸುಧಾರಣೆ' ಎಂದರೇನು ಎಂಬುದು ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಬೇರೆ. ಚಿಕಿತ್ಸೆಯನ್ನು ನಡುವೆ ಬಿಟ್ಟವರನ್ನು ಎಲ್ಲಿ ಎಣಿಸಬೇಕು ಎಂಬ ಒಂದೇ ತೀರ್ಮಾನದಿಂದ ಮನೋವಿಶ್ಲೇಷಣೆಯ ಶೇಕಡಾವಾರು ಭಾರಿ ಬದಲಾಗುತ್ತದೆ. 1971ರಲ್ಲಿ ಆಲೆನ್ ಬರ್ಗಿನ್ ಅದೇ ಮಾಹಿತಿಯನ್ನು ಬೇರೆ ಊಹೆಗಳ ಮೇಲೆ ಎಣಿಸಿ ಬೇರೆಯದೇ ಚಿತ್ರ ತೋರಿಸಿದರು. 1977ರಲ್ಲಿ ಮೇರಿ ಲೀ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟುಗೂಡಿಸಿ, ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿ ಪಡೆಯದವರಲ್ಲಿ 75 ಶೇಕಡಾ ಜನರಿಗಿಂತ ಉತ್ತಮ ಸ್ಥಿತಿಯಲ್ಲಿರುತ್ತಾರೆ ಎಂಬ ಫಲಿತಾಂಶ ಕೊಟ್ಟರು.

ಈ ವಿರೋಧದ ಒಂದೊಂದು ಲೇಖನವೂ 1952ರ ಆ ಲೇಖನಕ್ಕೆ ಒಂದೊಂದು ಉಲ್ಲೇಖವೇ. 'ಐಸೆಂಕ್ ತಪ್ಪು' ಎಂದು ಬರೆದಾಗಲೂ ಎಣಿಕೆ ಒಂದು ಏರುತ್ತದೆ. ಹಾಗೆಂದು ಇದನ್ನು ನಕಲಿ ಪ್ರಭಾವ ಎಂದು ತಳ್ಳಿಹಾಕುವುದೂ ತಪ್ಪು. ಮನೋಚಿಕಿತ್ಸೆಗೆ ನಿಯಂತ್ರಣ ಗುಂಪು (ಹೋಲಿಸಲು ಆ ಚಿಕಿತ್ಸೆ ಪಡೆಯದವರ ಗುಂಪು) ಬೇಕು, ಫಲಿತಾಂಶವನ್ನು ಅಳೆಯಬೇಕು ಎಂಬ ಒತ್ತಡ ಬಂದದ್ದರಲ್ಲಿ ಈ ಆರು ಪುಟಗಳ ಪಾಲು ದೊಡ್ಡದು. ಉತ್ತರ ತಪ್ಪಿರಬಹುದು, ಕೇಳಿದ ಪ್ರಶ್ನೆ ಮಾತ್ರ ಇಡೀ ಕ್ಷೇತ್ರವನ್ನು ಕೆಲಸಕ್ಕೆ ಹಚ್ಚಿತು. ಉಲ್ಲೇಖಗಳ ವಾಕ್ಯ ಓದದೆ ಈ ವ್ಯತ್ಯಾಸ ಹೇಳಲಾಗದು.

ಓದುವ ಕ್ರಮ ಹೀಗಿರಲಿ. ಲೇಖನವನ್ನು ಉಲ್ಲೇಖಿಸಿದವುಗಳಲ್ಲಿ 100ನ್ನು ದಶಕವಾರು ಹಂಚಿ, ಯಾದೃಚ್ಛಿಕವಾಗಿ ಆರಿಸಿ. ಪ್ರತಿಯೊಂದರಲ್ಲೂ ಹೆಸರು ಬರುವ ವಾಕ್ಯ, ಅದರ ಹಿಂದಿನ ಒಂದು, ಮುಂದಿನ ಒಂದು ವಾಕ್ಯ ನಕಲಿಸಿಕೊಳ್ಳಿ. ಇಬ್ಬರು ಬೇರೆ ಬೇರೆ ಕೂತು ಗುರುತು ಹಾಕಲಿ: ಬೆಂಬಲ, ವಿರೋಧ, ಉಪಕರಣವಾಗಿ ಬಳಕೆ, ಇತಿಹಾಸದ ಪ್ರಸ್ತಾಪ, ಬರೀ ಹಿನ್ನೆಲೆ, ಸ್ವಂತ ಉಲ್ಲೇಖ (ಲೇಖಕರು ತಮ್ಮದೇ ಕೃತಿಯನ್ನು ಉಲ್ಲೇಖಿಸುವುದು). ನಂತರ ಇಬ್ಬರ ಹೊಂದಾಣಿಕೆಯನ್ನು ಕೋಹೆನ್ ಅವರ ಕಪ್ಪಾದಲ್ಲಿ, ಅಂದರೆ ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಅಳೆಯುವ ಅಂಕದಲ್ಲಿ, ಲೆಕ್ಕಹಾಕಿ. ಒಪ್ಪದ ಸಾಲುಗಳನ್ನು ಮಾತಾಡಿ ಬಗೆಹರಿಸಿಕೊಳ್ಳಲಿ, ಆದರೆ ಕಪ್ಪಾ ಮಾತುಕತೆಗೆ ಮುಂಚಿನದಾಗಿರಬೇಕು. ಒಂದಕ್ಕೆ ಐದು ನಿಮಿಷ ಎಂದರೂ ಒಬ್ಬರಿಗೆ ಎಂಟು ಗಂಟೆ ದಾಟುತ್ತದೆ. 100ರ ಮಾದರಿಯಲ್ಲಿ ದೋಷದ ಅಂಚು ಹೆಚ್ಚೆಂದರೆ 10 ಶೇಕಡಾವಾರು ಅಂಶ ಆಚೀಚೆ, 400ಕ್ಕೆ ಏರಿಸಿದರೆ ಐದು. 'ಬಹುಪಾಲು ವಿರೋಧ' ಎಂಬಂಥ ಮಾತಿಗೆ 100 ಸಾಕು, '22ರಿಂದ 27ಕ್ಕೆ ಏರಿತು' ಎಂಬ ಮಾತಿಗೆ ಸಾಲದು. ಈ ವಿಂಗಡಣೆಯನ್ನು ತಾನೇ ಮಾಡುವ ಸಾಫ್ಟ್‌ವೇರ್‌ಗಳಿವೆ. ಅವು ಹೆಚ್ಚಿನ ಉಲ್ಲೇಖಗಳನ್ನು 'ಪ್ರಸ್ತಾಪ ಮಾತ್ರ' ಎಂಬ ಬುಟ್ಟಿಗೆ ಹಾಕುವುದರಿಂದ, ನಮಗೆ ಬೇಕಾದ ಕಡೆಯೇ ಕೈಕೊಡುತ್ತವೆ.

ಹನ್ನೆರಡು ಪ್ರಶ್ನೆಗಳ ಆಯುಷ್ಯ

ಎರಡನೆಯ ಬಗೆಯ ಉಲ್ಲೇಖ ವಾದದ್ದಲ್ಲ, ಉಪಕರಣದ್ದು. ಐಸೆಂಕ್ ದಂಪತಿಯ ವ್ಯಕ್ತಿತ್ವ ಪ್ರಶ್ನಾವಳಿ 1975ರಲ್ಲಿ ಬಂತು. ಅದರ ಪರಿಷ್ಕೃತ ರೂಪವನ್ನು 1985ರ ಲೇಖನವೊಂದು ಕೊಟ್ಟಿತು. ಚಿಕ್ಕ ಆವೃತ್ತಿಯಲ್ಲಿ 48 ಪ್ರಶ್ನೆ, ನಾಲ್ಕು ಮಾಪಕಕ್ಕೆ ತಲಾ 12. ಅದರಲ್ಲಿ ನ್ಯೂರೋಟಿಸಿಸಂ, ಅಂದರೆ ಮನಸ್ಸು ಬೇಗ ಕದಡುವ ಸ್ವಭಾವ, ಅಳೆಯುವ 12 ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎನ್ನುವುದಷ್ಟೆ. 'ಮನಸ್ಸು ಆಗಾಗ ಏರುಪೇರಾಗುತ್ತದೆಯೇ', 'ಕಾರಣವಿಲ್ಲದೆ ಬೇಸರ ಆವರಿಸುತ್ತದೆಯೇ' ಎಂಬ ಧಾಟಿಯವು. ಅಂಕ 0ಯಿಂದ 12. 2006ರಿಂದ 2010ರ ನಡುವೆ 40ರಿಂದ 69 ವಯಸ್ಸಿನ ಸುಮಾರು 5 ಲಕ್ಷ ಜನರನ್ನು ಸೇರಿಸಿಕೊಂಡ ಯುಕೆ ಬಯೋಬ್ಯಾಂಕ್ ಎಂಬ ಬ್ರಿಟನ್ನಿನ ಆರೋಗ್ಯ ಅಧ್ಯಯನ ಬಳಸಿದ್ದು ಇದೇ 12 ಪ್ರಶ್ನೆಗಳನ್ನು. ಖಿನ್ನತೆ ಮತ್ತು ಆತಂಕದ ಅನುವಂಶೀಯತೆಯನ್ನು ಹುಡುಕುವ ದೊಡ್ಡ ಅಧ್ಯಯನಗಳಲ್ಲಿ ಹಲವು ಈ ಅಂಕಗಳ ಮೇಲೆಯೇ ನಿಂತಿವೆ.

ಇಂಥ ಲೇಖನ ಉಲ್ಲೇಖಿಸುವವರು ಐಸೆಂಕ್ ಸಿದ್ಧಾಂತವನ್ನು ಒಪ್ಪಿದ್ದಾರೆ ಎಂದಲ್ಲ. ಹೆಚ್ಚಿನವರಿಗೆ ಸಿದ್ಧಾಂತದ ಗೊಡವೆಯೇ ಇರುವುದಿಲ್ಲ. ವಿಧಾನದ ಭಾಗದಲ್ಲಿ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. 2002ರ ಪಟ್ಟಿಯಲ್ಲಿ ಐಸೆಂಕ್ ಹಿಂದೆಯೇ ನಾಲ್ಕನೆಯ ಸ್ಥಾನದಲ್ಲಿ ನಿಂತವರು ಬಿ. ಜೆ. ವೈನರ್. ಅವರು ಬರೆದದ್ದು ಪ್ರಯೋಗಗಳ ಸಂಖ್ಯಾಶಾಸ್ತ್ರದ ಕೈಪಿಡಿ. ಎಲ್ಲರ ಕೈಗೂ ಬೇಕಾಗುವ ಸಾಧನಕ್ಕೆ ಉಲ್ಲೇಖ ಹರಿದುಬರುವ ಪರಿ ಇದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. 1985ರ ಆ ಲೇಖನದ ಮೊದಲ ಲೇಖಕಿ ಸಿಬಿಲ್. ಹ್ಯಾನ್ಸ್ ಎರಡನೆಯವರು, ಪಾಲ್ ಬ್ಯಾರೆಟ್ ಮೂರನೆಯವರು. ಎಣಿಕೆಯ ಸಾಮಾನ್ಯ ಪದ್ಧತಿಯಲ್ಲಿ ಮೂವರಿಗೂ ಪೂರ್ತಿ ಪೂರ್ತಿ ಉಲ್ಲೇಖ ಸಿಗುತ್ತದೆ, ಜನರ ಬಾಯಲ್ಲಿ ಉಳಿಯುವುದು ಮಾತ್ರ ಒಬ್ಬರ ಹೆಸರು. ಅದಕ್ಕೇ ಎರಡು ಲೆಕ್ಕ ಇಡಬೇಕು: ಪೂರ್ಣ ಎಣಿಕೆ ಒಂದು, ಲೇಖಕರ ಸಂಖ್ಯೆಯಿಂದ ಭಾಗಿಸಿದ ಪಾಲಿನ ಎಣಿಕೆ ಇನ್ನೊಂದು. ಮೊದಲ ಲೇಖಕರಾಗಿದ್ದ ಕೃತಿಗಳಿಗೆ ಪ್ರತ್ಯೇಕ ಕಾಲಂ.

ಸ್ವಂತ ಉಲ್ಲೇಖದ ವಿಚಾರ ಚಿಕ್ಕದಾಗಿ. ವರ್ತನಾ ಚಿಕಿತ್ಸೆಯ ಜರ್ನಲ್ 1963ರಲ್ಲಿ, ವ್ಯಕ್ತಿತ್ವ ಮತ್ತು ವ್ಯಕ್ತಿಭೇದಗಳ ಜರ್ನಲ್ 1980ರಲ್ಲಿ, ಎರಡನ್ನೂ ಸ್ಥಾಪಿಸಿದವರು ಐಸೆಂಕ್. ಲೇಖಕರೇ ಸಂಪಾದಕರೂ ಆಗಿರುವ ಜರ್ನಲ್‌ನಿಂದ ಬಂದ ಉಲ್ಲೇಖಗಳನ್ನು ಬೇರೆ ಸಾಲಿನಲ್ಲಿ ತೋರಿಸಬೇಕು. ಅದು ಆರೋಪವಲ್ಲ. ಹೊಸ ಉಪಕ್ಷೇತ್ರ ಕಟ್ಟುವವರು ಅದರ ಜರ್ನಲ್ಲನ್ನೂ ಕಟ್ಟುವುದು ಸಹಜ. ಆದರೆ ಆ ಉಲ್ಲೇಖ ದೂರದಿಂದ ಬಂದದ್ದಲ್ಲ ಎಂಬುದು ಓದುಗರಿಗೆ ಗೊತ್ತಿರಬೇಕು.

ಹಿಂಪಡೆದ ಲೇಖನಗಳು

ಮೂರನೆಯ ಬಗೆ ನೋವಿನದು. 1980ರ ದಶಕದಿಂದ ಐಸೆಂಕ್ ಅವರು ರೊನಾಲ್ಡ್ ಗ್ರೊಸಾರ್ತ್-ಮಾಟಿಚೆಕ್ ಜೊತೆ ಸೇರಿ, ವ್ಯಕ್ತಿತ್ವದ ಬಗೆ ಕ್ಯಾನ್ಸರ್ ಮತ್ತು ಹೃದ್ರೋಗದ ಸಾವನ್ನು ಮುನ್ನುಡಿಯುತ್ತದೆ, ಮನೋಚಿಕಿತ್ಸೆ ಆ ಸಾವನ್ನು ತಡೆಯುತ್ತದೆ ಎಂಬ ಲೇಖನಗಳ ಸರಣಿ ಪ್ರಕಟಿಸಿದರು. ಮಾಹಿತಿ ಯುಗೊಸ್ಲಾವಿಯ ಮತ್ತು ಜರ್ಮನಿಯ ಹೈಡೆಲ್‌ಬರ್ಗಿನಿಂದ ಕಲೆಹಾಕಿದ್ದು. ಫಲಿತಾಂಶಗಳ ಗಾತ್ರ ನೋಡಿದರೆ ಬೆಚ್ಚಿಬೀಳಬೇಕು. ಒಂದು ವರದಿಯ ಪ್ರಕಾರ, ರೋಗಕ್ಕೆ ಒಳಗಾಗುವ ಸ್ವಭಾವದವರು ಎನ್ನಲಾದವರಲ್ಲಿ ಒಂದು ಕಿರುಹೊತ್ತಿಗೆ ಓದಿಸಿಕೊಂಡ ಗುಂಪಿನ 32 ಶೇಕಡಾ ಜನ 13 ವರ್ಷದಲ್ಲಿ ತೀರಿಕೊಂಡರು, ಓದದ ಗುಂಪಿನಲ್ಲಿ 82. ಒಂದು ಕಿರುಹೊತ್ತಿಗೆ ಸಾವನ್ನು ಇಷ್ಟು ಇಳಿಸುತ್ತದೆ ಎಂದರೆ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಸಾಟಿಯೇ ಇಲ್ಲ. ತಂಬಾಕು ಉದ್ಯಮದಿಂದ ಐಸೆಂಕ್ ಹಣ ಪಡೆದದ್ದೂ ನಂತರ ಬೆಳಕಿಗೆ ಬಂತು.

ಅನುಮಾನ ತಡವಾಗಿ ಹುಟ್ಟಿದ್ದಲ್ಲ. 1991ರಲ್ಲೇ ಒಂದು ಮನೋವಿಜ್ಞಾನ ಜರ್ನಲ್ ಈ ಕೆಲಸದ ಮೇಲೆ ವಿಮರ್ಶೆಗಳ ಸಂಚಿಕೆ ತಂದಿತು. 1992ರಲ್ಲಿ ಮನೋವೈದ್ಯರಾದ ಆಂಟನಿ ಪೆಲೋಸಿ ಮತ್ತು ಲೂಯಿಸ್ ಆಪಲ್‌ಬಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆಕ್ಕಗಳ ಅಸಂಭವವನ್ನು ಬಿಡಿಸಿ ತೋರಿಸಿದರು. ಆಮೇಲೆ 27 ವರ್ಷ ಏನೂ ಆಗಲಿಲ್ಲ. 2019ರಲ್ಲಿ ಪೆಲೋಸಿ ಇನ್ನೊಂದು ಜರ್ನಲ್‌ನಲ್ಲಿ ಮತ್ತೆ ಬರೆದರು, ಅದರ ಸಂಪಾದಕ ಡೇವಿಡ್ ಮಾರ್ಕ್ಸ್ ದನಿಗೂಡಿಸಿದರು, ಲಂಡನ್ನಿನ ಕಿಂಗ್ಸ್ ಕಾಲೇಜ್ ವಿಚಾರಣೆ ನಡೆಸಿತು. ಜಂಟಿಯಾಗಿ ಬರೆದ 26 ಲೇಖನಗಳು 'ಸುರಕ್ಷಿತವಲ್ಲ' ಎಂಬ ತೀರ್ಮಾನ ಬಂತು.

ಪದಗಳಲ್ಲಿ ಎಚ್ಚರ ಬೇಕು. 'ಸುರಕ್ಷಿತವಲ್ಲ' ಎಂದರೆ ಈ ಫಲಿತಾಂಶಗಳನ್ನು ನೆಚ್ಚಬಾರದು ಎಂದರ್ಥ, ಯಾರು ಏನು ತಿದ್ದಿದರು ಎಂದು ಸಾಬೀತಾಯಿತು ಎಂದಲ್ಲ. ವಿಚಾರಣೆ ನೋಡಿದ್ದು ಜಂಟಿ ಲೇಖನಗಳನ್ನು ಮಾತ್ರ. ಅದೇ ಮಾಹಿತಿಯನ್ನಿಟ್ಟುಕೊಂಡು ಐಸೆಂಕ್ ಒಬ್ಬರೇ ಬರೆದವು ಅದರ ವ್ಯಾಪ್ತಿಯಲ್ಲಿರಲಿಲ್ಲ. ಪುಸ್ತಕಗಳನ್ನಂತೂ ಹಿಂಪಡೆಯುವುದು ಬಹಳ ಅಪರೂಪ. ಆದ್ದರಿಂದ ಸ್ಪ್ರೆಡ್‌ಶೀಟಿನ ಸ್ಥಿತಿಯ ಕಾಲಂನಲ್ಲಿ 'ಸರಿ', 'ಹಿಂಪಡೆದದ್ದು' ಎಂಬ ಎರಡೇ ಆಯ್ಕೆ ಸಾಲವು. ಕಳವಳದ ಸೂಚನೆ ಇರುವುದು, ವಿಚಾರಣೆ ಹೆಸರಿಸಿಯೂ ಜರ್ನಲ್ ಕ್ರಮ ಕೈಗೊಳ್ಳದ್ದು, ಅದೇ ಮಾಹಿತಿ ಬಳಸಿಯೂ ಯಾರೂ ಪರಿಶೀಲಿಸದ್ದು, ಇವಕ್ಕೂ ಗುರುತು ಬೇಕು. ಕೊನೆಯದ್ದೇ ಹೆಚ್ಚು ಅಪಾಯದ್ದು, ಯಾಕೆಂದರೆ ಅದರ ಮೇಲೆ ಯಾವ ಮುದ್ರೆಯೂ ಇಲ್ಲ.

ಎಚ್-ಸೂಚ್ಯಂಕ ಯಾಕೆ ಅಲುಗುವುದಿಲ್ಲ

ಒಬ್ಬ ಸಂಶೋಧಕರ ಲೇಖನ ಮತ್ತು ಉಲ್ಲೇಖಗಳನ್ನು ಒಂದೇ ಅಂಕದಲ್ಲಿ ಹೇಳಲು ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಸೂಚ್ಯಂಕ ಸರಳ: ಕನಿಷ್ಠ ಐದೈದು ಉಲ್ಲೇಖವಿರುವ ಐದು ಲೇಖನಗಳಿದ್ದು, ಆರಾರು ಇರುವ ಆರು ಇಲ್ಲದಿದ್ದರೆ ಎಚ್ 5. ಲೆಕ್ಕಕ್ಕಾಗಿ ಏಳು ಲೇಖನ ಇಟ್ಟುಕೊಳ್ಳೋಣ, ಉಲ್ಲೇಖಗಳು 210, 90, 40, 12, 6, 5, 3. ಐದನೆಯದಕ್ಕೆ 6 ಇದೆ, ಆರನೆಯದಕ್ಕೆ 5 ಮಾತ್ರ, ಹಾಗಾಗಿ ಎಚ್ 5. ಈಗ 40 ಉಲ್ಲೇಖದ ಲೇಖನ ಹಿಂಪಡೆಯಲಾಯಿತು ಎನ್ನಿ. ಉಳಿದದ್ದು 210, 90, 12, 6, 5, 3. ಐದನೆಯದಕ್ಕೆ 5 ಇದೆ. ಎಚ್ ಈಗಲೂ 5. ಒಟ್ಟು ಉಲ್ಲೇಖ 366ರಿಂದ 326ಕ್ಕೆ ಇಳಿದರೂ ಸೂಚ್ಯಂಕಕ್ಕೆ ಸುದ್ದಿಯೇ ಇಲ್ಲ. ದೊಡ್ಡ ಪಟ್ಟಿಯಲ್ಲಿ ಈ ಜಡತೆ ಇನ್ನೂ ಹೆಚ್ಚು. ಸೂಚ್ಯಂಕಕ್ಕಿಂತ ಕಡಿಮೆ ಉಲ್ಲೇಖವಿರುವ ಲೇಖನ ಎಷ್ಟು ಹೋದರೂ ಅದು ಕದಲದು. ಅಷ್ಟೇ ಅಲ್ಲ, ಡೇಟಾಬೇಸ್‌ಗಳು ಹಿಂಪಡೆದ ಲೇಖನದ ಉಲ್ಲೇಖಗಳನ್ನು ತಾವಾಗಿ ಕಳೆಯುವುದೂ ಇಲ್ಲ. ಮೌಲ್ಯಮಾಪಕರೇ ಕಳೆದು, ಮುಂಚೆ ಮತ್ತು ನಂತರದ ಎರಡೂ ಸಂಖ್ಯೆ ಕೊಡಬೇಕು.

ವರದಿ ಬರೆಯುವಾಗ ಐಸೆಂಕ್ ಅವರಿಗೆ ಒಂದೇ ಒಟ್ಟು ಸಂಖ್ಯೆ ಕೊಡುವ ಆಸೆ ಬಿಡಬೇಕು. ಚಿಕಿತ್ಸೆಯ ಪರಿಣಾಮದ ವಾದ, ಪ್ರಶ್ನಾವಳಿಗಳು, ಕ್ಯಾನ್ಸರ್-ಹೃದ್ರೋಗದ ಸರಣಿ, ಈ ಮೂರಕ್ಕೂ ಬೇರೆ ಬೇರೆ ಕೋಷ್ಟಕ. ಮೊದಲನೆಯದಕ್ಕೆ ಬೆಂಬಲ-ವಿರೋಧದ ಪ್ರಮಾಣ, ಎರಡನೆಯದಕ್ಕೆ ಬಳಕೆಯ ಕ್ಷೇತ್ರ ಮತ್ತು ಸಹಲೇಖಕರ ಪಾಲು, ಮೂರನೆಯದಕ್ಕೆ 1992ರ ವಿಮರ್ಶೆಗೆ ಮುಂಚೆ, 1992ರಿಂದ 2019ರವರೆಗೆ, 2020ರ ನಂತರ ಎಂದು ಕಾಲದ ಮೂರು ಭಾಗ. ಕೊನೆಯ ಭಾಗದಲ್ಲಿ, ಹಿಂಪಡೆದದ್ದೆಂದು ಹೇಳದೆಯೇ ಉಲ್ಲೇಖಿಸಿದ ಲೇಖನಗಳ ಹೆಸರುಗಳನ್ನೇ ಪಟ್ಟಿಮಾಡುವುದು ಒಳ್ಳೆಯದು. ಅವುಗಳ ಸಂಪಾದಕರಿಗೆ ಪತ್ರ ಬರೆಯಬಹುದು. ಇನ್ನು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಸೈಕಿಯಾಟ್ರಿ ಸಂಸ್ಥೆಯಲ್ಲಿ ಅವರು ಕ್ಲಿನಿಕಲ್ ಸೈಕಾಲಜಿ ತರಬೇತಿಗೆ ಕೊಟ್ಟ ರೂಪ, ಜ್ಯಾಕ್ ರ‍್ಯಾಚ್‌ಮನ್ ಅಂಥ ಶಿಷ್ಯರು ವರ್ತನಾ ಚಿಕಿತ್ಸೆಯನ್ನು ಮುಂದಕ್ಕೆ ಒಯ್ದದ್ದು, ಇವು ಯಾವ ಎಣಿಕೆಯಲ್ಲೂ ಬರುವುದಿಲ್ಲ. ವಾಕ್ಯಗಳಲ್ಲೇ ಬರೆಯಬೇಕು.

ಸ್ಥಿತಿ ಪರೀಕ್ಷಿಸಲು ಈಗ ಸೌಲಭ್ಯ ಸಾಕಷ್ಟಿದೆ. ಹಿಂಪಡೆದ ಲೇಖನಗಳ ಲೆಕ್ಕವಿಡುವ ರಿಟ್ರಾಕ್ಷನ್ ವಾಚ್‌ನ ದತ್ತಾಂಶವನ್ನು 2023ರಲ್ಲಿ ಡಿಒಐ ನೋಂದಾಯಿಸುವ ಸಂಸ್ಥೆ ಕ್ರಾಸ್‌ರೆಫ್ ತನ್ನದಾಗಿಸಿಕೊಂಡು ಎಲ್ಲರಿಗೂ ತೆರೆದಿಟ್ಟಿದೆ. ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಡೇಟಾಬೇಸ್ ಹಿಂಪಡೆದ ಲೇಖನದ ಮೇಲೆ ಎಚ್ಚರಿಕೆಯ ಸೂಚನೆ ಹಾಕುತ್ತದೆ. ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊದಂಥ ಸಾಫ್ಟ್‌ವೇರ್ ಸಂಗ್ರಹದಲ್ಲಿ ಅಂಥದ್ದಿದ್ದರೆ ಕೆಂಪು ಗುರುತಿನಿಂದ ಎಚ್ಚರಿಸುತ್ತದೆ. ಆದರೆ ಈ ಎಚ್ಚರಿಕೆ ಹೊಂದಿಕೊಳ್ಳುವುದು ಮುಖ್ಯವಾಗಿ ಡಿಒಐ ಅಥವಾ ಪಬ್‌ಮೆಡ್ ಸಂಖ್ಯೆಯ ಮೂಲಕ. 1980-90ರ ದಶಕದ ಲೇಖನವನ್ನು ಕೈಯಾರೆ ಟೈಪ್ ಮಾಡಿ ಸೇರಿಸಿದ್ದರೆ ಆ ಜಾಗ ಖಾಲಿ ಉಳಿದಿರುತ್ತದೆ, ಗುರುತೂ ಬೀಳುವುದಿಲ್ಲ. ಅಂಥ ಸಾಲುಗಳನ್ನು ಮೊದಲು ಬೇರ್ಪಡಿಸಿ, ಜರ್ನಲ್‌ನ ಪುಟಕ್ಕೇ ಹೋಗಿ, ಲೇಖನದ ಶೀರ್ಷಿಕೆಯ ಮೇಲ್ಗಡೆ ಸೂಚನೆ ಇದೆಯೇ ಎಂದು ಒಂದೊಂದಾಗಿ ನೋಡಬೇಕು.